ಕೆಂಪಿ ಮತ್ತು ನೀರಿನ ತಟ್ಟೆ

ಹೊಳೆ ತಿರುಗುವ ಕಡೆ ಒಂದು ಆಶ್ರಮವಿತ್ತು. ಅಲ್ಲಿ ಜಪಮಾಲೆ ಇರಲಿಲ್ಲ, ಪ್ರವಚನವೂ ಇರಲಿಲ್ಲ. ತಟ್ಟೆ ಎಸೆಯುವುದೇ ಅಲ್ಲಿನ ಸಾಧನೆ.

ಊಟದ ತಟ್ಟೆಯಲ್ಲ. ಅಂಗೈಗಿಂತ ಅಗಲವಾದ, ಅಂಚು ತೆಳುವಾದ ಪ್ಲಾಸ್ಟಿಕ್ ತಟ್ಟೆ. ಹೊಂಗೆ, ಬೇವಿನ ಮರಗಳ ನಡುವೆ ಅಲ್ಲಲ್ಲಿ ಕಂಬ ನೆಟ್ಟು, ಸರಪಳಿ ಇಳಿಬಿಟ್ಟು, ಕೆಳಗೆ ಬುಟ್ಟಿ ಕಟ್ಟಿದ್ದರು. ದೂರದಿಂದ ಎಸೆದ ತಟ್ಟೆ ಸರಪಳಿಗೆ ತಾಗಿ ಬುಟ್ಟಿಗೆ ಬೀಳಬೇಕು. ಪೇಟೆಯವರು ಇದನ್ನು ಡಿಸ್ಕ್ ಗಾಲ್ಫ್ ಎನ್ನುತ್ತಾರೆ, ಆಟ ಎನ್ನುತ್ತಾರೆ. ಆಶ್ರಮದ ಗುರು ಮರುಳಮ್ಮ ಅದಕ್ಕೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. "ಎಸೆ" ಅನ್ನುತ್ತಿದ್ದರು, ಅಷ್ಟೇ.

ಬುಟ್ಟಿ ಹತ್ತಿರವಿದ್ದರೆ ಒಂದು ತಟ್ಟೆ, ನಡುವಿದ್ದರೆ ಇನ್ನೊಂದು, ದೂರವಿದ್ದರೆ ಮತ್ತೊಂದು. ಈ ದೂರದ ತಟ್ಟೆಗೆ ಪೇಟೆಯ ಅಂಗಡಿಯಲ್ಲಿ ಡ್ರೈವರ್ ಅನ್ನುತ್ತಾರೆ. ಎಸೆಯುವವರಿಗೆ ಮಿಕ್ಕವೆಲ್ಲ ಸಾಮಾನು. ದೂರದ ತಟ್ಟೆ ಮಾತ್ರ ಮನೆಮಂದಿಯ ಹಾಗೆ.

ಶಿಷ್ಯೆ ದೇವೀರಮ್ಮನದು ಕೆಂಪು ಬಣ್ಣದ್ದು. ಹೊಸದರಲ್ಲಿ ಅದು ಹಟಮಾರಿ. ಹೇಗೆ ಎಸೆದರೂ ಕೊನೆಗೆ ಎಡಕ್ಕೆ ಎಳೆದುಕೊಂಡು ಹೋಗಿ ಮರಕ್ಕೆ ಬಡಿಯುತ್ತಿತ್ತು. ತೋಪಿನಲ್ಲಿ ಅದು ಬಡಿಯದ ಮರವಿರಲಿಲ್ಲ. ಬಡಿದು ಬಡಿದು ಅಂಚು ಸವೆಯಿತು, ಹಟ ಇಳಿಯಿತು. ಈಗ ಕೈಬಿಟ್ಟರೆ ಹೇಳಿದ ಮಾತು ಕೇಳುವ ಹಸುವಿನ ಹಾಗೆ ನೆಟ್ಟಗೆ ಹೋಗುತ್ತಿತ್ತು. ಅದಕ್ಕೇ ಅವಳು ಅದಕ್ಕೆ ಕೆಂಪಿ ಎಂದು ಹೆಸರಿಟ್ಟಿದ್ದಳು.

ಹೆಸರಿಟ್ಟ ಮೇಲೆ ಎಸೆಯುವುದು ಕಡಿಮೆಯಾಯಿತು.

ಮೊದಲು ಕಲ್ಲುನೆಲದ ಕಡೆ ಎಸೆಯುವುದನ್ನು ಬಿಟ್ಟಳು. ಆಮೇಲೆ ಮುಳ್ಳುಬೇಲಿಯ ಕಡೆ ಬಿಟ್ಟಳು. ಕೊನೆಕೊನೆಗೆ ಕೆಂಪಿಯನ್ನು ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೇ ತಿರುಗತೊಡಗಿದಳು.

ಅಡಿಗೆಮನೆಯ ತೋಂಟಪ್ಪ ಸುಮ್ಮನಿರುವ ಆಸಾಮಿಯಲ್ಲ. "ಏನಕ್ಕಾ, ಕೆಂಪಿ ಗೊಡ್ಡು ಬಿತ್ತಾ? ಕರೆಯೋದೇ ಬಿಟ್ಟಿದ್ದೀಯಲ್ಲ!"

"ನಿನ್ನ ಒಲೆ ನೋಡ್ಕೋ ಹೋಗೋ."

"ಹಿಂಡಿ ಬೂಸಾ ಬೇಕಾದ್ರೆ ಹೇಳಕ್ಕಾ. ಸಂಕೋಚ ಮಾಡ್ಕೋಬೇಡ."

ಇಷ್ಟೇ ಆಗಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಹೊಳೆಯಿತ್ತು.

ಹೊಳೆಯಾಚೆಯೂ ಆಶ್ರಮದ್ದೇ ಒಂದು ತೋಪು. ಆಚೆ ಊರಿನ ಹೆಂಗಸರು ಅಲ್ಲಿ ತಟ್ಟೆ ಎಸೆಯಲು ಕಲಿಯುತ್ತಿದ್ದರು. ಕಲಿಸುತ್ತಿದ್ದ ಮುದುಕಿ ತೀರಿಕೊಂಡು ಆ ಜಾಗ ಖಾಲಿ ಬಿದ್ದಿತ್ತು. ಅಲ್ಲಿಗೆ ಗುರುವಾಗಿ ಹೋಗುವವರಿಗೆ ಒಂದು ಕಟ್ಟಳೆ. ಹುಣ್ಣಿಮೆಯ ಬೆಳಿಗ್ಗೆ ಈಚೆಯ ಬಂಡೆಯ ಮೇಲೆ ನಿಂತು ಒಂದೇ ಒಂದು ತಟ್ಟೆ ಎಸೆಯಬೇಕು. ಮೊದಲು ತಟ್ಟೆ ದಾಟಬೇಕು, ಆಮೇಲೆ ಆಳು.

ದೇವೀರಮ್ಮನಿಗೆ ಆ ಜಾಗ ಬೇಕಿತ್ತು. ಅರ್ಧ ಆಯುಸ್ಸು ಕಂಡವರ ಮನೆಯ ಒಲೆ ಹಚ್ಚಿಯೇ ಕಳೆದವಳು. ಈ ತೋಪಿಗೆ ಬಂದ ಮೇಲೆ ತೋಳಿಗೆ ತನ್ನದೇ ಒಂದು ಬಲ ಬಂದಿತ್ತು. ತಾನೇ ಗುಡಿಸಿ, ತಾನೇ ಬುಟ್ಟಿ ಕಟ್ಟಿ, ತನ್ನ ಮಾತಿನಲ್ಲಿ ಕಲಿಸುವ ಒಂದು ಅಂಗಳ ಬೇಕು ಅನ್ನುವುದು ಅವಳ ಒಂದೇ ಆಸೆ.

ಹೊಳೆ ಅವಳಿಗೆ ದೊಡ್ಡದಲ್ಲ. ಬಯಲಿನಲ್ಲಿ ಕೆಂಪಿ ಅದಕ್ಕಿಂತ ದೂರ ಹೋದದ್ದನ್ನು ಎಲ್ಲರೂ ನೋಡಿದ್ದರು.

ಆದರೆ ಬಂಡೆ ಹತ್ತಿದ ಕೂಡಲೇ ಅವಳ ಕೈ ಚೀಲದಿಂದ ಬೇರೆಯೇ ಒಂದನ್ನು ತೆಗೆಯುತ್ತಿತ್ತು. ಗೀರುಬಿದ್ದ ಒಂದು ಹಳದಿ ತಟ್ಟೆ. ಅದಕ್ಕೆ ಅವಳು ಇಟ್ಟ ಹೆಸರು ನೀರಿನ ತಟ್ಟೆ. ಅಂದರೆ, ಮುಳುಗಿದರೂ ಹೊಟ್ಟೆ ಉರಿಯದ ತಟ್ಟೆ. ಅಂಥವು ಅವಳ ಹತ್ತಿರ ಹಲವಿದ್ದವು.

ಹುಣ್ಣಿಮೆ ಬಂತು. ಹಳದಿ ತಟ್ಟೆ ಗಾಳಿಯಲ್ಲಿ ಒದ್ದಾಡಿಕೊಂಡು ಹೋಗಿ ನಡುಹೊಳೆಯಲ್ಲಿ ಮುಳುಗಿತು.

"ಹೋದರೆ ಹೋಗಲಿ" ಎಂದು ದೇವೀರಮ್ಮ ಕೈ ಝಾಡಿಸಿದಳು.

ಹಿಂದೆ ನಿಂತಿದ್ದ ಮರುಳಮ್ಮ ಅಂದರು: "ಹೂಂ. ನೀನು ಹೋಗಲಿ ಅಂದೆ, ಅದು ಹೋಯಿತು."

"ಅಮ್ಮಾ, ಹೋದ ಮೇಲೆ ತಾನೇ ನಾನು ಅಂದದ್ದು?"

"ಎಸೆಯೋಕೆ ಮುಂಚೇನೇ ಅಂದಿದ್ದೆ. ನನಗೆ ಕೇಳಿಸಿತು."

ಅದರ ಮುಂದಿನ ಹುಣ್ಣಿಮೆಗೂ ಹಾಗೇ ಆಯಿತು. ಈ ಸಲ ಮರುಳಮ್ಮ ಒಂದೇ ಮಾತು ಹೇಳಿದರು. "ಮಳೆ ಹಿಡಿದರೆ ಹರಿಗೋಲು ಓಡಲ್ಲ. ಆಚೆಯವರು ಕಾದು ಸಾಕಾಗಿದ್ದಾರೆ. ಬರೋ ಹುಣ್ಣಿಮೇಲಿ ನೀನು ದಾಟದಿದ್ದರೆ ಬೇರೆ ಆಶ್ರಮದಿಂದ ಯಾರನ್ನಾದರೂ ಕರೆಸುತ್ತೇನೆ."

ದೇವೀರಮ್ಮ ಆ ರಾತ್ರಿಯೇ ಕಾಸು ಎಣಿಸಿಟ್ಟುಕೊಂಡಳು.

ಮರುದಿನವೇ ಪೇಟೆಗೆ ಹೋದಳು. ಅದೇ ಅಂಗಡಿಯಲ್ಲಿ ಅದೇ ಕೆಂಪಿನ, ಅದೇ ಅಚ್ಚಿನ ಹೊಸ ತಟ್ಟೆ ತಂದಳು. ಬಯಲಿನಲ್ಲಿ ಎಸೆದಳು. ಅದು ಎಡಕ್ಕೆ ಎಳೆದುಕೊಂಡು ಹೋಗಿ ಬೇವಿನ ಮರಕ್ಕೆ ಬಡಿಯಿತು. ಮತ್ತೆ ಎಸೆದಳು. ಮತ್ತೆ ಬೇವಿನ ಮರ.

ಬಟ್ಟೆ ಒಗೆಯುವ ಕಲ್ಲಿನ ಮುಂದೆ ಕೂತು ಹೊಸ ತಟ್ಟೆಯ ಅಂಚನ್ನು ಕಲ್ಲಿಗೆ ಉಜ್ಜತೊಡಗಿದಳು. ಬೆವರಿಳಿಯುವಂತೆ ಉಜ್ಜಿದಳು.

ಆ ದಾರಿಯಲ್ಲಿ ಬಂದ ಮರುಳಮ್ಮ ನಿಂತರು. "ಏನೇ ಮಾಡ್ತಿದ್ದೀ?"

"ಹಳತು ಮಾಡ್ತಿದ್ದೀನಿ ಅಮ್ಮಾ. ಇದೂ ಕೆಂಪಿಯ ಹಾಗೆ ಸವೆದರೆ ಇದನ್ನೇ ಹೊಳೆಗೆ ಎಸೀಬಹುದು."

ಮರುಳಮ್ಮ ಅವಳ ಎದುರು ಕೂತು ತಮ್ಮ ಸುಕ್ಕುಗಟ್ಟಿದ ಕೈಯನ್ನು ಕಲ್ಲಿನ ಮೇಲೆ ಚಾಚಿದರು.

"ಏನಮ್ಮಾ?"

"ಹಳತು ಮಾಡೋ ವಿದ್ಯೆ ನಿನಗೆ ಗೊತ್ತಲ್ಲ. ಹಾಗೇ ಇನ್ನೊಂದು ಕಡೆಯಿಂದ ಉಜ್ಜಿ ಇದನ್ನು ಹೊಸದು ಮಾಡಿಕೊಡು. ಮದುವೆಗೆ ಮುಂಚೆ ಇದ್ದ ಹಾಗೆ."

ಬಾವಿಯ ಹತ್ತಿರ ನೀರು ಸೇದುತ್ತಿದ್ದ ತೋಂಟಪ್ಪ ಹಗ್ಗ ಬಿಟ್ಟು ನಕ್ಕ. ದೇವೀರಮ್ಮ ನಗಲಿಲ್ಲ. ಉಜ್ಜಿದ ತಟ್ಟೆಯನ್ನು ಸಂಜೆ ಎಸೆದು ನೋಡಿದಳು. ಅದು ಎಡಕ್ಕೂ ಹೋಗಲಿಲ್ಲ, ನೆಟ್ಟಗೂ ಹೋಗಲಿಲ್ಲ. ರೆಕ್ಕೆ ಕತ್ತರಿಸಿದ ಕೋಳಿಯ ಹಾಗೆ ಪಟಪಟನೆ ಬಡಿದುಕೊಂಡು ಅಲ್ಲೇ ಬಿತ್ತು.

ಅವತ್ತು ಅವಳಿಗೆ ಊಟ ರುಚಿಸಲಿಲ್ಲ. ಗುರುವಿನ ಮುಂದೆ ಬಂದು ಕೂತಳು.

"ಅಮ್ಮಾ, ಕೆಂಪಿ ಹೊಳೆಗೆ ಬಿದ್ದರೆ?"

"ಮುಳುಗುತ್ತೆ."

"ಮುಳುಗಿದರೆ?"

"ಒದ್ದೆಯಾಗುತ್ತೆ."

"ತಮಾಷೆ ಮಾಡಬೇಡಿ ಅಮ್ಮಾ. ಅಂಥದು ಇನ್ನೊಂದು ಸಿಗೋದಿಲ್ಲ."

"ನಿಜ. ಸಿಗೋದಿಲ್ಲ."

ಗುರು ಸಮಾಧಾನದ ಮಾತು ಆಡುತ್ತಾರೆ ಎಂದು ದೇವೀರಮ್ಮ ಕಾದಳು. ಮರುಳಮ್ಮ ಅವರೆಕಾಯಿ ಬಿಡಿಸುತ್ತ ಕೂತರು.

"ಹಾಗಾದರೆ ನಾನು ಅದನ್ನು ಜೋಪಾನ ಮಾಡೋದು ತಪ್ಪಾ?"

"ತಪ್ಪೇನಿಲ್ಲ. ಜೋಪಾನ ಮಾಡಿದ್ದು ಸಾಕಾಗಿಲ್ಲ ಅಂತ ನನಗೆ ಅನ್ನಿಸುತ್ತೆ. ನಿನ್ನ ಚೀಲದಲ್ಲಿ ನೀರಿನ ತಟ್ಟೆ ಎಷ್ಟಿವೆಯೋ ಎಲ್ಲ ತೆಗೆ."

ದೇವೀರಮ್ಮ ಯೋಚನೆ ಕೂಡ ಮಾಡದೆ ಎಲ್ಲವನ್ನೂ ತೆಗೆದು ಮುಂದಿಟ್ಟಳು. ಮರುಳಮ್ಮ ಒಂದೊಂದನ್ನೂ ಸೆರಗಿನಿಂದ ಒರೆಸಿದರು. ತಮ್ಮ ಹಬ್ಬದ ಶಾಲನ್ನು ತರಿಸಿ ಅದರಲ್ಲಿ ಸುತ್ತಿದರು. ಆ ಗಂಟನ್ನು ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲಿಟ್ಟು ಕೈಮುಗಿದರು.

"ಅಯ್ಯೋ, ಅವು ಕೆಲಸಕ್ಕೆ ಬಾರದವು ಅಮ್ಮಾ!"

"ಹಾಗಂತ ಅವುಗಳ ಎದುರಿಗೇ ಅನ್ನುತ್ತಿದ್ದೆಯಲ್ಲ. ಪಾಪ."

ಹುಣ್ಣಿಮೆಯ ಬೆಳಿಗ್ಗೆ ಮೋಡ ಕಟ್ಟಿತ್ತು. ಆಚೆ ದಡದಲ್ಲಿ ಹತ್ತಾರು ಹೆಂಗಸರು ಬಂದು ನಿಂತಿದ್ದರು. ಈಚೆ ಬಂಡೆಯ ಸುತ್ತ ಆಶ್ರಮದವರು. ದೇವೀರಮ್ಮ ಗುರುವಿನ ಹತ್ತಿರ ಹೋಗಿ ಮೆಲ್ಲಗೆ ಕೇಳಿದಳು:

"ಅಮ್ಮಾ, ಆ ನೀರಿನ ತಟ್ಟೇಲಿ ಒಂದು ಕೊಡಿ. ಈ ಸಲ ಮನಸ್ಸಿಟ್ಟು ಎಸೀತೀನಿ."

"ಕೊಡೋದಿಲ್ಲ. ಹೋದರೆ ಹೋಗಲಿ ಅನ್ನೋರ ಕೈಗೆ ನಾನು ಯಾವುದನ್ನೂ ಕೊಡಲ್ಲ."

"ಹಾಗಿದ್ದರೆ ನನ್ನ ಹತ್ತಿರ ಇರೋದು..."

"ಏನಿದೆ?"

ದೇವೀರಮ್ಮ ಚೀಲವನ್ನು ಎದೆಗೆ ಒತ್ತಿಕೊಂಡಳು. ತೋಂಟಪ್ಪ ಹತ್ತಿರ ಬಂದು ತಾನು ಮಡಕೆ ಮುಚ್ಚುತ್ತಿದ್ದ ಹಳೆಯ ತಟ್ಟೆಯೊಂದನ್ನು ಅವಳ ಸೆರಗಿನಡಿ ತುರುಕಲು ನೋಡಿದ. "ತಗೋ ಅಕ್ಕಾ, ಇದು ಮುಳುಗಲಿ. ನಾನು ಗಂಜಿ ಮಡಕೆ ಮುಚ್ಚೋಕೆ ಬಾಳೆಎಲೆ ಹುಡುಕ್ಕೋತೀನಿ."

ಅವಳು ಅದನ್ನು ತೆಗೆದುಕೊಂಡಳು. ಬಂಡೆ ಹತ್ತಿದಳು. ಆಚೆ ದಡದ ಹೆಂಗಸರು ಇತ್ತ ತಿರುಗಿದರು. ಅವರಲ್ಲೊಬ್ಬಳು ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡುತ್ತಿದ್ದಳು, ಊರಿಂದ ಬರುವ ನಂಟರ ದಾರಿ ನೋಡುವ ಹಾಗೆ.

ದೇವೀರಮ್ಮ ಕೈಯಲ್ಲಿದ್ದ ಮಡಕೆ ಮುಚ್ಚುವ ತಟ್ಟೆಯನ್ನು ನೋಡಿದಳು. ಇಷ್ಟು ದಿನ ತಾನು ಆಚೆಯವರಿಗೆ ಕಳಿಸುತ್ತಿದ್ದದ್ದು ಇದನ್ನೇ ಅಲ್ಲವೇ ಅನ್ನಿಸಿತು. ನಾಚಿಕೆಯಾಯಿತು.

ತೋಂಟಪ್ಪನ ತಟ್ಟೆಯನ್ನು ಬಂಡೆಯ ಮೇಲೆ ಮೆಲ್ಲಗೆ ಇಟ್ಟಳು. ಚೀಲಕ್ಕೆ ಕೈಹಾಕಿ ಸೀರೆಯ ತುಂಡು ಬಿಚ್ಚಿದಳು.

ಕೆಂಪಿ ಕೈಗೆ ಬಂದಾಗ ಬೆರಳುಗಳು ತಮ್ಮಷ್ಟಕ್ಕೇ ಅದರ ಸವೆದ ಅಂಚಿಗೆ ಕೂತವು. ಹೆಜ್ಜೆ ಹಾಕಿದಳು, ಸೊಂಟ ತಿರುಗಿತು, ಬಿಟ್ಟಳು.

ಕೆಂಪಿ ನೀರಿನ ಮೇಲೆ ಎದೆಮಟ್ಟದಲ್ಲಿ ಹೊರಟಿತು. ನಡುಹೊಳೆಯಲ್ಲಿ ಮೇಲೆದ್ದು ಮೆಲ್ಲಗೆ ಬಲಕ್ಕೆ ವಾಲಿತು. ಯಾರೋ "ಅಯ್ಯೋ" ಅಂದರು. ಅದು ಅಲ್ಲೇ ಒಂದು ಗಳಿಗೆ ಯೋಚನೆ ಮಾಡಿದ ಹಾಗೆ ತೇಲಿ, ಮತ್ತೆ ಎಡಕ್ಕೆ ಮಗುಚಿ, ಆಚೆ ದಡದ ಕಂಬದ ಬುಡಕ್ಕೆ ಹೋಗಿ ಠಣ್ಣೆಂದು ಬಡಿಯಿತು.

ಹೆಂಗಸರು ಕೂಗಿದರು.

ಬಡಿದ ಕೆಂಪಿ ಅಂಚಿನ ಮೇಲೆ ನಿಂತುಕೊಂಡಿತು. ಗಾಡಿಯ ಚಕ್ರದ ಹಾಗೆ ಉರುಳಿತು. ಒಬ್ಬಳು ಓಡಿಬಂದು ಹಿಡಿಯಲು ಬಾಗಿದಳು, ಸಿಗಲಿಲ್ಲ. ಇಳಿಜಾರಿನಲ್ಲಿ ಉರುಳಿ ಉರುಳಿ ಹೊಳೆಯ ಆಳದ ಮಡುವಿಗೆ ಬಿದ್ದು ಮುಳುಗಿತು.



ತೋಂಟಪ್ಪ ಪಂಚೆ ಎತ್ತಿಕಟ್ಟಿದ. "ಅಕ್ಕಾ, ಅಳಬೇಡ! ನಾನು ಈಜಿ ಹೋಗಿ ಮುಳುಗಿ ತರ್ತೀನಿ!"

"ಬೇಡ ಕಣೋ" ಅಂದಳು ದೇವೀರಮ್ಮ.

ಆ ದನಿ ಅವಳಿಗೇ ಹೊಸದಾಗಿತ್ತು. ಅಳು ಬರುತ್ತದೆ ಎಂದು ಕಾದಳು. ಬರಲಿಲ್ಲ. ಹೊಟ್ಟೆಯ ಆಳದಿಂದ ಒಂದು ಉಸಿರು ಬಂತು, ಬಾಗಿಲು ತೆಗೆದ ಮನೆಯಿಂದ ಹೊಗೆ ಹೊರಟ ಹಾಗೆ. ಕಿವಿಯವರೆಗೆ ಏರಿಕೊಂಡಿದ್ದ ಹೆಗಲುಗಳು ಕೆಳಗಿಳಿದವು. ಅವು ಯಾವಾಗಿನಿಂದ ಅಲ್ಲಿದ್ದವೋ ಅವಳಿಗೆ ಗೊತ್ತಿರಲಿಲ್ಲ. ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತು ನಗತೊಡಗಿದಳು.

"ಬುದ್ಧಿಗಿದ್ಧಿ ಕೆಟ್ಟಿತಾ ಹೆಂಗೆ?" ಎಂದು ತೋಂಟಪ್ಪ ಗುರುವಿನ ಕಡೆ ತಿರುಗಿದ. "ಅಮ್ಮಾ, ದಾಟಿತು ತಾನೇ? ನಾನು ಕಣ್ಣಾರೆ ನೋಡಿದೆ. ಆದರೆ ಉಳೀಲಿಲ್ಲ. ಈಗ ಲೆಕ್ಕ ಹೆಂಗೆ?"

"ದಾಟು ಅಂದಿದ್ದೆ" ಅಂದರು ಮರುಳಮ್ಮ. "ಉಳಿ ಅಂದಿರಲಿಲ್ಲ."

ಮೊದಲ ಹನಿ ಬೀಳುವ ಮುಂಚೆ ಹರಿಗೋಲು ಹೊರಡಬೇಕಿತ್ತು. ದೇವೀರಮ್ಮನ ಗಂಟು ಸಣ್ಣದು. ಎರಡು ಸೀರೆ, ಒಂದು ಚೊಂಬು, ಹಗುರಾದ ಚೀಲ. ತೋಂಟಪ್ಪ ದಾರಿಗೆಂದು ಬುತ್ತಿ ಕಟ್ಟಿಕೊಟ್ಟ. ದಾರಿಯೆಂದರೆ ಒಂದು ಹೊಳೆ. ಬುತ್ತಿ ಮಾತ್ರ ಕಾಶಿಗೆ ಹೋಗುವವರಿಗೆ ಸಾಲುವಷ್ಟಿತ್ತು.

ಹರಿಗೋಲಿನ ಅಂಚನ್ನು ಮರುಳಮ್ಮ ಕಾಲಲ್ಲಿ ಒತ್ತಿ ಹಿಡಿದಿದ್ದರು.

"ಅಮ್ಮಾ" ಅಂದಳು ದೇವೀರಮ್ಮ. "ಬರಿಗೈಲಿ ಹೋಗ್ತಿದ್ದೀನಿ. ಅಲ್ಲಿ ಎಲ್ಲರ ಕೈಲೂ ಹೊಸ ತಟ್ಟೆ. ಬರೀ ಎಡಕ್ಕೆ ಎಳೀತವೆ. ಹೇಗೆ ಕಲಿಸಲಿ?"

"ಅಲ್ಲಿ ಮರಗಳಿವೆಯಾ?"

"ಬೇಕಾದಷ್ಟಿವೆ."

"ಮತ್ತೇನು?"

ಅವಳು ಹರಿಗೋಲಿಗೆ ಕಾಲಿಟ್ಟಳು. ಕೂತಳು. ಆದರೂ ಒಂದು ಮಾತು ಉಳಿದಿತ್ತು. ಹೊರಡುವ ಮುಂಚೆ ಅದನ್ನು ಇಲ್ಲೇ ಇಳಿಸಿ ಹೋಗಬೇಕಿತ್ತು.

"ನಾನು ಅದನ್ನು ಮಗುವಿನ ಹಾಗೆ ನೋಡ್ಕೊಂಡೆ ಅಮ್ಮಾ. ಅದು ಮುಳುಗಿದಾಗ ಎದೆ ಒಡೀಬೇಕಿತ್ತು. ಹಾಯೆನಿಸಿತು. ಇಷ್ಟು ಹಾಯಾಗಿ ನಾನು ಯಾವತ್ತೂ ಇರಲಿಲ್ಲ. ಇದು ಪಾಪ ಅಲ್ಲವಾ?"

ಮರುಳಮ್ಮ ಹರಿಗೋಲಿನ ಮೇಲಿಂದ ಕಾಲು ತೆಗೆದರು.

"ನಿನಗೊಬ್ಬಳಿಗೇ ಹಾಯೆನಿಸಿತು ಅಂದುಕೊಂಡೆಯಾ? ಕೆಂಪಿಯನ್ನೂ ಒಂದು ಮಾತು ಕೇಳಬೇಕಿತ್ತು."