ದುಗ್ಗಿ, ಅಮ್ಮಣ್ಣಿ ಮತ್ತೆ ಎರಡು ಕರಟ ಹೆಸರುಕಾಳು

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿನ್ನ ಮುತ್ತಜ್ಜನ ಮುತ್ತಜ್ಜನೂ ಇನ್ನೂ ತೊಟ್ಟಿಲಿಗೆ ಬಂದಿರಲಿಲ್ಲ ನೋಡು, ಆಗ ಒಂದೂರಲ್ಲಿ ಸಣ್ತಾಯಮ್ಮ ಅಂತ ಒಬ್ಬಳು ಸೊಪ್ಪು ಬೆಳೆದು ಮಾರ್ಕೊಂಡು ಇದ್ಲಂತೆ. ಗಂಡ ತೀರಿಕೊಂಡಿದ್ದ, ಇದ್ದವಳು ಒಬ್ಬಳೇ ಮಗಳು, ದುಗ್ಗಿ ಅಂತ. ನಿನ್ನ ವಯಸ್ಸೇ ಇರ್ಬೇಕು, ನಿನ್ನ ಹಾಗೇ ಒಂದು ಕಡೆ ಕೂತವಳಲ್ಲ. ಕಾಲು ಒದೀಬೇಡ, ಹೊದಿಕೆ ಜಾರುತ್ತೆ.

ಆ ದೇಶದಲ್ಲಿ ದೊರೆದು ಒಂದು ಕಟ್ಟಪ್ಪಣೆ ಇತ್ತಂತೆ. ಮಕ್ಕಳಿಗೆ ಏಳು ತುಂಬಿದ ಕೂಡಲೇ ಅರಮನೆ ಗುರುಮನೇಲಿ ತಂದು ಬಿಡಬೇಕು, ಅವು ಅಲ್ಲೇ ಉಂಡು ಅಲ್ಲೇ ಮಲಗಿ ಗೋಡೆ ನೋಡ್ಕೊಂಡು ಬಾಯಿಪಾಠ ಹೇಳ್ಬೇಕು, ಮೀಸೆ ಬರೋ ಹೊತ್ತಿಗೆ, ಹೆಣ್ಣಾದ್ರೆ ಸೀರೆ ಉಡೋ ಹೊತ್ತಿಗೆ ವಾಪಸ್ಸು ಮನೆಗೆ. ಅಲ್ಲೀತನಕ ಅಪ್ಪನೂ ಇಲ್ಲ ಅವ್ವನೂ ಇಲ್ಲ. ದುಗ್ಗಿಗೆ ಏಳು ತುಂಬ್ತು. ಸಣ್ತಾಯಮ್ಮನಿಗೆ ಮಗಳನ್ನ ಬಿಟ್ಟಿರೋಕೆ ಮನಸ್ಸಿಲ್ಲ. ಕೊನೆಗೆ ಸೆರಗು ಬಿಗಿದು ಕಟ್ಟಿ, ಮಗಳ ಕೈ ಹಿಡ್ಕೊಂಡು ಸೀದಾ ಅರಮನೆಗೆ ಹೋಗಿ ದೊರೆ ಮುಂದೆ ನಿಂತು, ಬುದ್ಧಿ, ಇವಳನ್ನ ನಾನೇ ಮನೇಲಿಟ್ಕೊಂಡು ಕಲಿಸ್ತೀನಿ, ಅಪ್ಪಣೆ ಕೊಡಿ ಅಂದ್ಲಂತೆ. ಸಭೆಗೆ ಸಭೆಯೇ ನಕ್ಕುಬಿಡ್ತು. ನಿನಗೇನಮ್ಮ ಗೊತ್ತಿದೆ ಕಲಿಸೋಕೆ ಅಂತ ಮಂತ್ರಿ ಕೇಳಿದ. ಗೊತ್ತಿರೋದು ಒಂದು ಹಿಡಿ, ಗೊತ್ತಿಲ್ಲದ್ದು ಬೇಕಾದಷ್ಟಿದೆ, ಅದನ್ನ ಇಬ್ಬರೂ ಕೂಡಿ ಕಲೀತೀವಿ ಅಂದ್ಲು. ದೊರೆ ಒಬ್ಬ ನಗಲಿಲ್ಲ. ಆಗಲಿ, ಒಂದು ವರ್ಷ ಇಟ್ಕೋ, ಆಮೇಲೆ ಕರ್ಕೊಂಡು ಬಾ, ಮೂರು ಪ್ರಶ್ನೆ ಕೇಳ್ತೀವಿ, ಮೂರಕ್ಕೂ ಉತ್ತರ ಬಂದ್ರೆ ಮಗಳು ನಿನ್ನ ಹತ್ರನೇ ಇರ್ತಾಳೆ, ಒಂದು ತಪ್ಪಿದ್ರೂ ಅವತ್ತೇ ಗುರುಮನೆಗೆ, ಅತ್ತರೂ ಕರೆದ್ರೂ ಕೇಳೋದಿಲ್ಲ ಅಂದನಂತೆ.

ಆಮೇಲೆ ಶುರುವಾಯ್ತು ನೋಡು. ಆ ಮನೇಲಿ ಒಂದು ದಿನ ಸುಮ್ಮನೆ ಹೋಗಲಿಲ್ಲ. ಬೆಳಗಾಗೋದೇ ತಡ, ಅವ್ವಾ ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಅಂತ ದುಗ್ಗಿ ಶುರು ಹಚ್ಕೊಳ್ಳೋಳು. ಸಣ್ತಾಯಮ್ಮ ಉತ್ತರ ಹೇಳ್ತಾನೇ ಇರಲಿಲ್ಲ, ನೋಡೋಣ ಬಾ ಅನ್ನೋಳು. ಅಷ್ಟೇ ಅವಳ ಪಾಠ. ಅರಿಶಿನಕ್ಕೆ ಸುಣ್ಣ ಕಲಸಿದ್ರೆ ಕೆಂಪಾಗುತ್ತಲ್ಲ ಅವ್ವ, ಆ ಕೆಂಪಿಗೆ ನಿಂಬೆಹಣ್ಣು ಹಿಂಡಿದ್ರೆ? ನೋಡೋಣ ಬಾ. ಹಿಂಡಿದ್ರೆ ಮತ್ತೆ ಹಳದಿ ಆಗಿಬಿಡ್ತು, ದುಗ್ಗಿ ಇನ್ನೊಂದು ಚಿಟಿಕೆ ಸುಣ್ಣ ಹಾಕಿದ್ಲು, ಮತ್ತೆ ಕೆಂಪು, ಮನೇಲಿದ್ದ ನಿಂಬೆಹಣ್ಣೆಲ್ಲ ಖಾಲಿ ಆಗೋ ತನಕ ಬಿಡಲಿಲ್ಲ, ಅವತ್ತು ಸಾರಿಗೆ ಹುಳಿ ಇಲ್ಲ. ಸೊಳ್ಳೆ ಎಲ್ಲಿಂದ ಬರುತ್ತೆ ಅವ್ವ? ನನಗೂ ಗೊತ್ತಿಲ್ಲ ಮಗಾ, ನೋಡೋಣ ಬಾ ಅಂತ, ಹುಳ ಆಡ್ತಿದ್ದ ನೀರನ್ನ ಕುಡಿಕೇಲಿ ತುಂಬಿ ಬಾಯಿಗೆ ತೆಳು ಬಟ್ಟೆ ಕಟ್ಟಿ ಇಟ್ರಂತೆ. ನಾಲ್ಕಾರು ದಿನ ಕಳೆದ ಮೇಲೆ ಬಟ್ಟೆ ಕೆಳಗೆ ಗುಂಯ್ ಅನ್ನೋ ಸದ್ದು. ತಾಯಿ ಮಗಳು ಇಬ್ಬರೂ ಕೈ ಹಿಡ್ಕೊಂಡು ಅಂಗಳದಲ್ಲಿ ಕುಣಿದೇ ಕುಣಿದ್ರು. ಸೊಳ್ಳೆ ಹುಟ್ಟಿದ್ದಕ್ಕೆ ಕುಣಿದೋರು ಪ್ರಪಂಚದಲ್ಲಿ ಇವರಿಬ್ಬರೇ ಇರ್ಬೇಕು.

ಆಮೇಲೆ ನಿಂಬೆ ಗಿಡದಲ್ಲಿ ಒಂದು ಹುಳ ಸಿಕ್ತು. ಮೊದಲು ನೋಡಿದ್ರೆ ಕಾಗೆ ಹಿಕ್ಕೆ ಅಂದ್ಕೋಬೇಕು, ಹಂಗಿತ್ತು. ಆಮೇಲೆ ಹಸಿರಾಯ್ತು, ಮುಟ್ಟಿದ್ರೆ ತಲೆಯಿಂದ ಕೆಂಪು ಕೊಂಬು ತೆಗೆದು ಘಂ ಅಂತ ವಾಸನೆ ಬಿಡೋದು, ಆಮೇಲೆ ಕಡ್ಡಿಗೆ ಅಂಟ್ಕೊಂಡು ಗೂಡಾಯ್ತು. ದುಗ್ಗಿ ಅದರ ಮುಂದೇನೇ ಕೂತು ಉಂಡ್ಲು. ಒಂದು ಬೆಳಗ್ಗೆ ಗೂಡು ಬಿರಿದು, ಒದ್ದೆ ರೆಕ್ಕೆ ಬಿಚ್ಕೊಂಡು ಚಿಟ್ಟೆ ಬಂತು ನೋಡು, ಆ ಹುಡುಗಿ ಕೂಗಿದ ಕೂಗಿಗೆ ಬೀದಿಯೋರೆಲ್ಲ ಬೆಂಕಿ ಬಿತ್ತು ಅಂತ ಬಿಂದಿಗೆ ಹಿಡ್ಕೊಂಡು ಓಡಿಬಂದ್ರಂತೆ. ಸಣ್ತಾಯಮ್ಮನಿಗೆ ತಲೆ ಕೆಟ್ಟಿದೆ, ಮಗಳನ್ನೂ ಕೆಡಿಸ್ತಾಳೆ ಅಂತ ಬೈಕೊಂಡು ಹೋದ್ರು. ಅಕ್ಷರ ಕಲಿಸಲಿಲ್ವಾ ಅಂತೀಯ? ಕಲಿಸಿದ್ಲು, ಒಲೆ ಬೂದಿ ಹರಡಿ ಅದರ ಮೇಲೆ ಬೆರಳಲ್ಲಿ ಬರೆಸಿದ್ಲು. ನೀನು ಮಾತ್ರ ಆ ಕೆಲಸ ಮಾಡಬೇಡ, ನಿಮ್ಮಮ್ಮ ನನ್ನ ಬೈತಾಳೆ.

ವರ್ಷ ತುಂಬ್ತು. ಸಣ್ತಾಯಮ್ಮನಿಗೆ ಒಳಗೊಳಗೇ ಪುಕಪುಕ. ಇಷ್ಟು ದಿನ ಸೊಳ್ಳೆ ಚಿಟ್ಟೆ ಅಂತ ಕಳೆದ್ನಲ್ಲ, ಅವರು ಬೇರೆ ಏನಾದ್ರೂ ಕೇಳಿದ್ರೆ ಮಗು ಕೈ ಬಿಟ್ಟು ಹೋಗುತ್ತಲ್ಲ ಅಂತ. ಆದ್ರೂ ದುಗ್ಗಿ ತಲೆ ಬಾಚಿ, ಹೂ ಮುಡಿಸಿ ಕರ್ಕೊಂಡು ಹೋದ್ಲು.

ಮೊದಲನೇ ಪ್ರಶ್ನೆ ಗುರುಮನೆ ಅಯ್ನೋರದು. ಅವರು ದೊಡ್ಡ ವಿದ್ವಾಂಸರು, ಹೊಟ್ಟೆಯೂ ದೊಡ್ಡದು, ಮನಸ್ಸು ಒಳ್ಳೇದು. ಅರಮನೆ ಮುಂದೆ ಬಾವುಟದ ಕಂಬ ಇದೆಯಲ್ಲ, ಅದನ್ನ ಹತ್ತದೆ ಎಷ್ಟೆತ್ತರ ಅಂತ ಹೇಳು ಮಗು ಅಂದ್ರು. ದುಗ್ಗಿ ಬಿಸಿಲು ನೋಡಿದ್ಲು, ಕಂಬ ನೋಡಿದ್ಲು, ಆಮೇಲೆ ಅಯ್ನೋರನ್ನ ನೋಡಿ, ಸ್ವಲ್ಪ ಇಲ್ಲಿ ನೆಲದ ಮೇಲೆ ಮಲಗ್ತೀರಾ ಅಂದ್ಲಂತೆ. ಜರಿ ಪಂಚೆ, ಶಾಲು, ಎಲ್ಲ ಸಮೇತ ಪಾಪ ಅವರು ಅಂಗಳದಲ್ಲಿ ಉದ್ದಕ್ಕೆ ಮಲಗಿದ್ರು. ಕಾಲ ಹತ್ರ ಒಂದು ಗೀರು, ತಲೆ ಹತ್ರ ಒಂದು ಗೀರು ಹಾಕಿದ್ಲು. ಈಗ ಎದ್ದು ಕಾಲ ಗೀರಿನ ಮೇಲೆ ನಿಂತ್ಕೊಳ್ಳಿ, ಅಲ್ಲಾಡಬೇಡಿ ಅಂದ್ಲು. ಬೆಳಗಿನ ನೆರಳು ಉದ್ದ ಇತ್ತು, ಹೊತ್ತು ಏರಿದ ಹಾಗೆಲ್ಲ ಕುಗ್ಗುತ್ತಾ ಬಂತು. ದುಗ್ಗಿ ನೆರಳು ತಿರುಗಿದ ಕಡೆಗೆ ತಲೆ ಗೀರನ್ನ ಅಷ್ಟೇ ದೂರಕ್ಕೆ ಮತ್ತೆ ಮತ್ತೆ ಗೀಚ್ತಾ ಕಾದ್ಲು, ಅಯ್ನೋರು ಬೆವರು ಸುರಿಸ್ಕೊಂಡು ಕಾದ್ರು, ಸಭೆಯೋರೆಲ್ಲ ನೆರಳನ್ನೇ ಕಣ್ಣು ಬಿಟ್ಕೊಂಡು ನೋಡ್ತಿದ್ರು. ನೆರಳು ಸರಿಯಾಗಿ ಅಯ್ನೋರಷ್ಟೇ ಉದ್ದ ಆದ ಕ್ಷಣಕ್ಕೆ ದುಗ್ಗಿ ಹಗ್ಗ ಹಿಡ್ಕೊಂಡು ಒಂದೇ ಓಟ ಓಡಿ ಕಂಬದ ನೆರಳನ್ನ ಅಳೆದ್ಲು. ಈಗ ಅಯ್ನೋರ ನೆರಳು ಅಯ್ನೋರಷ್ಟೇ ಇದೆ, ಹಂಗಿದ್ಮೇಲೆ ಕಂಬದ ನೆರಳೂ ಕಂಬದಷ್ಟೇ ಇರುತ್ತೆ, ಈ ಕಂಬ ಒಂಬತ್ತು ಅಯ್ನೋರಷ್ಟು ಎತ್ತರ ಅಂದ್ಲಂತೆ. ಒಬ್ಬ ಸೇವಕ ಕಂಬ ಹತ್ತಿ ಹಗ್ಗ ಬಿಟ್ಟು ನೋಡಿದ, ಸರಿಯಾಗಿತ್ತು. ಯಾರಿಗಿಂತಲೂ ಜೋರಾಗಿ ನಕ್ಕೋರು ಅಯ್ನೋರೇ.

ಎರಡನೇದು ಮಂತ್ರೀದು. ಬಾಯಿಗೆ ಬಟ್ಟೆ ಕಟ್ಟಿದ ಮೂರು ಮಡಕೆ ತರಿಸಿದ, ಎರಡರಲ್ಲಿ ಕಲ್ಲು, ಒಂದರಲ್ಲಿ ಬೆಲ್ಲ, ಎತ್ತಿ ನೋಡಬಾರದು, ಮೂಸಿ ನೋಡಬಾರದು, ಬಟ್ಟೆ ಬಿಚ್ಚಬಾರದು, ಬೆಲ್ಲ ಯಾವುದರಲ್ಲಿದೆ ಹೇಳು ಅಂದ. ದುಗ್ಗಿ ಗೋಡೆ ಬುಡಕ್ಕೆ ಹೋಗಿ, ಬಗ್ಗಿ, ಹುಡುಕಿ, ಇರುವೆ ಸಾಲು ಹೋಗೋ ದಾರೀಲಿ ಮೂರನ್ನೂ ಇಡಿಸಿ, ಕಾಲು ಚಾಚಿ ಕೂತ್ಲು. ಈಗೇನು ಮಾಡ್ತೀಯ ಅಂದ್ರೆ, ಅವನ್ನ ಕೇಳಿದೀನಿ, ಹೇಳ್ತವೆ ಅಂದ್ಲು. ಮೊದಲು ಒಂದು ಇರುವೆ ಬಂತು, ಮೊದಲನೇ ಮಡಕೆ ಸುತ್ತ ಹೋಗಿ ವಾಪಸ್ಸು ಬಂತು, ಅಯ್ಯೋ ಅಂದ್ರು ಎಲ್ಲರೂ. ಇನ್ನೊಂದು ಬಂತು, ನಡುವಿನ ಮಡಕೆ ಹತ್ತಿ ಬಟ್ಟೆ ಸಂದೀಲಿ ಮಾಯ ಆಯ್ತು, ಆಮೇಲೆ ಹೊರಗೆ ಬಂದು ಗುಡುಗುಡು ಅಂತ ಗೂಡಿಗೆ ಓಡ್ತು. ಅಷ್ಟೇ, ಸ್ವಲ್ಪ ಹೊತ್ತಿಗೆ ಹಿಂಡಿಗೆ ಹಿಂಡೇ ಬಂತು. ಮಂತ್ರಿ ತಾನು ಸೋತಿದ್ದೇ ಮರೆತು ನೆಲಕ್ಕೆ ಹೊಟ್ಟೆ ಹಚ್ಚಿ ಮಲಗ್ಕೊಂಡು, ಅದು ಹೋಗಿ ಬೇರೆಯವಕ್ಕೆ ಹೆಂಗೆ ಹೇಳ್ತು, ಹೆಂಗೆ ಹೇಳ್ತು ಅಂತ ಕೇಳ್ತಿದ್ದನಂತೆ.

ಆಮೇಲೆ ಮೂರನೇದು. ಅದನ್ನ ದೊರೆನೇ ಕೇಳಿದ. ಸಭೇಲಿ ಕೇಳಲಿಲ್ಲ, ತಾಯಿ ಮಗಳನ್ನ ಒಳಗೆ ಕರ್ಕೊಂಡು ಹೋಗಿ, ದನಿ ತಗ್ಗಿಸಿ, ನನ್ನ ಮಗಳಿಗೆ ಏನಾಗಿದೆ ಅಂತ ಹೇಳು ಅಂದ.

ಅವನ ಮಗಳು ಕನಕಮ್ಮಣ್ಣಿ. ಅವಳು ಹಸುಗೂಸಾಗಿದ್ದಾಗ ರಾಣಿ ಪ್ರಯಾಣದಲ್ಲಿ ಬಿಸಿಲು ಬಡಿದು ತೀರಿಕೊಂಡಿದ್ಲು. ಅವತ್ತಿನಿಂದ ದೊರೆಗೆ ಬಿಸಿಲು ಅಂದ್ರೆ ಭಯ, ಗಾಳಿ ಅಂದ್ರೆ ಭಯ, ಮಗಳನ್ನ ಒಳಕೋಣೇಲಿಟ್ಟು ಕಿಟಕಿಗೆಲ್ಲ ದಪ್ಪ ಪರದೆ ಬಿಡಿಸಿಬಿಟ್ಟಿದ್ದ. ಆ ಮಗು ಉದ್ದಕ್ಕೆ ಬೆಳೀತು, ಸಣ್ಣಗೆ ಬಳುಕ್ತಾ, ಹಳದಿ ಹಳದಿಯಾಗಿ. ನೋಡಿದೋರೆಲ್ಲ ಬಂಗಾರದ ಮೈಬಣ್ಣ, ಹೆಸರಿಗೆ ತಕ್ಕ ರೂಪ ಅಂತ ಹೊಗಳ್ತಿದ್ರು. ನಾಲ್ಕು ಮೆಟ್ಟಿಲು ಹತ್ತಿದ್ರೆ ಅವಳಿಗೆ ಏದುಸಿರು ಬರುತ್ತೆ ಅನ್ನೋದು ಅವರಿಗೆ ಗೊತ್ತಿರಲಿಲ್ಲ, ದೊರೆಗೆ ಗೊತ್ತಿತ್ತು. ಮೂರು ಜನ ವೈದ್ಯರು ಬಂದು, ನಮಗೆ ಗೊತ್ತು ಅಂತ ಒಬ್ಬ ಕಷಾಯ, ಒಬ್ಬ ಲೇಹ್ಯ, ಒಬ್ಬ ಭಸ್ಮ ಕೊಟ್ಟು ಹೋಗಿದ್ರು. ಏನೂ ಆಗಿರಲಿಲ್ಲ.

ದುಗ್ಗಿ ಅವಳ ಕೈ ಹಿಡಿದು ನೋಡಿದ್ಲು, ನಾಲಿಗೆ ಚಾಚಿಸಿ ನೋಡಿದ್ಲು, ಕೊನೆಗೆ ತಲೆ ತಗ್ಗಿಸಿ ನನಗೆ ಗೊತ್ತಿಲ್ಲ ಬುದ್ಧಿ ಅಂದುಬಿಟ್ಲು. ಸಣ್ತಾಯಮ್ಮ ಮಗಳನ್ನ ಬಾಚಿ ತಬ್ಕೊಂಡ್ಲು. ದೊರೆ ಮುಖ ಸಣ್ಣದಾಯ್ತು. ಆಗ ದುಗ್ಗಿ, ಅವ್ವನ ಸೆರಗಿನ ಒಳಗಿಂದಲೇ, ಆದ್ರೆ ನೋಡಬಹುದು, ನಾಲ್ಕು ದಿನ ಇವರ ಜೊತೆ ಇರ್ಲಾ ಅಂದ್ಲಂತೆ. ಹುಣ್ಣಿಮೆ ತನಕ ಇರು, ಅಷ್ಟರಲ್ಲಿ ಹೇಳದೇ ಇದ್ರೆ ಗುರುಮನೆ ಅಂದ ದೊರೆ. ಸಣ್ತಾಯಮ್ಮ ಅರಮನೆ ಹಿತ್ತಲ ಜಗಲೀಲಿ ಕೂತು ಕಾದ್ಲು.

ಆ ಕತ್ತಲೆ ಕೋಣೇಲಿ ಏನು ಆಡೋದು ಹೇಳು? ಬೇಜಾರು ಕಳೆಯೋಕೆ ದುಗ್ಗಿ ಅಡುಗೆಮನೆಯಿಂದ ನೆನೆಸಿದ ಹೆಸರುಕಾಳು ತಂದು, ಎರಡು ಕರಟಕ್ಕೆ ಮಣ್ಣು ತುಂಬಿ, ಒಂದನ್ನ ಅಮ್ಮಣ್ಣಿ ಕೈಲಿ ಬಿತ್ತಿಸಿದ್ಲು, ಇನ್ನೊಂದನ್ನ ತಾನು ಬಿತ್ತಿದ್ಲು. ಅಮ್ಮಣ್ಣಿ ಹುಟ್ಟಿದಾಗಿಂದ ಮಣ್ಣು ಮುಟ್ಟಿದವಳೇ ಅಲ್ಲ. ಉಗುರಲ್ಲಿ ಸಿಕ್ಕಿದ ಮಣ್ಣನ್ನ ನೋಡಿ ನೋಡಿ ನಕ್ಲಂತೆ. ನಂದು ನನ್ನ ಹತ್ರನೇ ಇರ್ಲಿ ಅಂತ ಮಂಚದ ಪಕ್ಕ ಇಟ್ಕೊಂಡ್ಲು, ದುಗ್ಗಿ ತನ್ನದನ್ನ ಅವ್ವನ ಜಗಲಿ ಮೇಲೆ ಬಿಸಿಲಿಗಿಟ್ಲು. ಇಬ್ಬರದೂ ಮೊಳಕೆ ಒಡೀತು. ಪಂದ್ಯ ಕಟ್ಟಿದ್ರು. ಅಮ್ಮಣ್ಣಿದು ಸರಸರ ಅಂತ ಎದ್ದು ದುಗ್ಗಿದಕ್ಕಿಂತ ಎರಡರಷ್ಟಾಯ್ತು. ಬಂಗಾರದ ಪೈರು ಅಂತ ದಾಸಿಯರು ಆರತಿ ಎತ್ತಿದ್ರು. ನಾನೇ ಗೆದ್ದೆ ಅಂತ ಅಮ್ಮಣ್ಣಿ ಮಂಚದ ಮೇಲೆ ಎದ್ದು ನಿಂತು ಕುಣಿದ್ಲು, ಏದುಸಿರು ಬಂದು ಕೂತ್ಲು.

ಮಾರನೇ ದಿನ ಬೆಳಗ್ಗೆ ಅವಳ ಪೈರು ಬಳುಕಿ ಮಲಗಿಬಿಟ್ಟಿತ್ತು. ಬೆರಳು ಕೊಟ್ಟು ಎತ್ತಿದ್ರೆ ಆಚೆ ಬೀಳುತ್ತೆ. ದುಗ್ಗಿ ತನ್ನ ಕರಟ ತಂದು ಪಕ್ಕದಲ್ಲಿಟ್ಲು. ಗಿಡ್ಡಕ್ಕಿದೆ, ದಪ್ಪಕ್ಕಿದೆ, ಹಚ್ಚಹಸಿರು, ತಳ್ಳಿದ್ರೆ ಮತ್ತೆ ಎದ್ದು ನಿಲ್ಲುತ್ತೆ. ಅಮ್ಮಣ್ಣಿ ಎರಡನ್ನೂ ನೋಡಿದ್ಲು. ಆಮೇಲೆ ತನ್ನ ಕೈಯನ್ನ ಆ ಹಳದಿ ಪೈರಿನ ಪಕ್ಕ ಹಿಡಿದ್ಲು, ದುಗ್ಗಿ ಕೈ ಎಳೆದು ಹಸಿರು ಪೈರಿನ ಪಕ್ಕ ಇಟ್ಲು.

ದುಗ್ಗಿ, ನಾನೂ ಇದರ ಹಾಗೇ ಅಲ್ವಾ, ಇದನ್ನ ಬಿಸಿಲಿಗಿಟ್ಟರೆ ಏನಾಗುತ್ತೆ ಅಂತ ಕೇಳಿದ್ಲು.

ದುಗ್ಗಿ ಮೈಯೆಲ್ಲ ಜುಂ ಅಂತು. ನೋಡೋಣ ಬನ್ನಿ ಅಮ್ಮಣ್ಣಿ ಅಂದ್ಲು.

ಅಮ್ಮಣ್ಣಿ ತನ್ನ ಕರಟ ಹಿಡ್ಕೊಂಡು, ದುಗ್ಗಿ ಅವಳ ಕೈ ಹಿಡ್ಕೊಂಡು, ಪರದೆ ದಾಟಿ, ನಡುಮನೆ ದಾಟಿ, ಹಿತ್ತಲ ಬಾಗಿಲಿಗೆ ಬಂದ್ರು. ದಾಸಿಯರು ಕೂಗ್ತಾ ಹಿಂದೆ ಓಡಿದ್ರು, ದೊರೆ ಎಲ್ಲಿದ್ದನೋ ಬರಿಗಾಲಲ್ಲಿ ಓಡಿಬಂದು ಬಾಗಿಲಿಗೆ ಅಡ್ಡ ನಿಂತ. ಒಳಗೆ ನಡಿ ಅಂತ ಗದರಿದ. ಅಪ್ಪಾಜಿ, ಒಂದೇ ಒಂದು ಸಲ ಅಂತ ಅಮ್ಮಣ್ಣಿ ಅಂಗಲಾಚಿದ್ಲು. ಅವನು ಜಪ್ಪಯ್ಯ ಅಂದ್ರೂ ಕದಲಲಿಲ್ಲ. ಆಗ ಜಗಲೀಲಿದ್ದ ಸಣ್ತಾಯಮ್ಮ ಎದ್ದು ಬಂದ್ಲು. ತನ್ನ ಮಗಳು ಕೈ ಬಿಟ್ಟು ಹೋಗ್ತಾಳೋ ಏನೋ ಅಂತ ಜೀವ ಹಿಡ್ಕೊಂಡು ಕೂತಿದ್ದೋಳು ಅವಳು, ದೊರೆ ಭಯ ಅವಳಿಗೆ ಅರ್ಥವಾಗದೇ ಇನ್ಯಾರಿಗಾಗುತ್ತೆ.

"ದುಗ್ಗಿ ಮರ ಹತ್ತಿದಾಗ ನನಗೂ ಜೀವ ಬಾಯಿಗೆ ಬರುತ್ತೆ ಬುದ್ಧಿ. ಇಳಿ ಅನ್ನೋದಿಲ್ಲ. ಕೆಳಗೆ ನಿಂತಿರ್ತೀನಿ."

ದೊರೆ ಮಗಳ ಮುಖ ನೋಡಿದ, ಕರಟದ ಪೈರು ನೋಡಿದ. ಆಮೇಲೆ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದು, ಮಗಳು ಎಡವಿದ್ರೆ ಹಿಡಿಯೋಣ ಅಂತ ಅವಳ ಹಿಂದೆ ಹಿಂದೇನೇ ಹೊರಟ. ಎಳೆ ಬಿಸಿಲು ಮೈಮೇಲೆ ಬಿದ್ದಾಗ ಅಮ್ಮಣ್ಣಿ ಕಣ್ಣು ಮುಚ್ಕೊಂಡು ಬೆಚ್ಚಗಿದೆ ಅಂದ್ಲಂತೆ, ದೊರೆಗೆ ಅಳು ತಡೆಯೋಕಾಗಲಿಲ್ಲ.

ಅವತ್ತು ಸ್ವಲ್ಪ, ಮಾರನೇ ದಿನ ಇನ್ನು ಸ್ವಲ್ಪ, ಹೀಗೆ ದಿನಾ ಬೆಳಗ್ಗೆ ಬಂದ್ರು. ಪೈರಿನ ತುದಿ ಮೊದಲು ಹಸಿರಾಯ್ತು, ಆಮೇಲೆ ಒಂದೊಂದೇ ತಲೆ ಎತ್ತಿತು. ಅಮ್ಮಣ್ಣಿ ಅದನ್ನ ನೋಡೋಕೆ ಓಡಿ ಬರೋಳು, ಓಡಿ ಓಡಿ ಹಸಿವಾಗೋದು, ರಾಗಿ ಮುದ್ದೆ ಬೇಕು ಅಂತ ಹಟ ಹಿಡಿಯೋಳು. ಹುಣ್ಣಿಮೆ ಹೊತ್ತಿಗೆ ಏದುಸಿರಿಲ್ಲದೆ ಅರಮನೆ ಮೆಟ್ಟಿಲು ಹತ್ತಿ ಇಳಿದು ಮತ್ತೆ ಹತ್ತಿದ್ಲು.

ಆದ್ರೆ ಮಂತ್ರಿ ಅಂದ್ರೆ ಮಂತ್ರಿನೇ. ಸಭೇಲಿ ಎದ್ದು ನಿಂತು, ಮಹಾಸ್ವಾಮಿ, ನಿಯಮ ನಿಯಮವೇ, ಮೂರನೇ ಪ್ರಶ್ನೆಗೆ ಈ ಹುಡುಗಿ ಗೊತ್ತಿಲ್ಲ ಅಂದಿದ್ಲು, ಕಂಡು ಹಿಡಿದಿದ್ದು ಅಮ್ಮಣ್ಣಿ, ಹಾಗಾಗಿ ಇವಳು ಗುರುಮನೆಗೆ ಹೋಗಬೇಕಾಗುತ್ತೆ ಅಂದ. ಸಣ್ತಾಯಮ್ಮ ಮಗಳ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. ದೊರೆ ಸಿಂಹಾಸನ ಬಿಟ್ಟು ಇಳಿದು ಬಂದು ದುಗ್ಗಿ ತಲೆ ಮೇಲೆ ಕೈಯಿಟ್ಟ.

"ಮೂರು ಜನ ವೈದ್ಯರು ಗೊತ್ತು ಅಂದ್ರು. ಇವಳೊಬ್ಬಳು ಗೊತ್ತಿಲ್ಲ ಅಂದ್ಲು, ಅದಕ್ಕೇ ನನ್ನ ಮಗಳು ಉಳಿದ್ಲು. ಕರ್ಕೊಂಡು ಹೋಗಮ್ಮ, ನಿನ್ನ ಮಗಳು ನಿನ್ನವಳು."

ಸಣ್ತಾಯಮ್ಮ ಕೈ ಮುಗಿಯೋದೂ ಮರೆತು ದುಗ್ಗೀನ ಎತ್ಕೊಂಡು ಗರಗರ ತಿರುಗಿಸಿದ್ಲು. ಅವತ್ತೇ ಆ ಕಟ್ಟಪ್ಪಣೆ ರದ್ದಾಯ್ತು, ಗುರುಮನೆ ಮಕ್ಕಳೆಲ್ಲ ಅವತ್ತೇ ಸಂಜೆ ಅವರವರ ಅವ್ವಂದಿರ ಮಡಿಲಿಗೆ ಓಡಿದ್ವು. ಕಲೀಬೇಕು ಅಂದೋರು ಬೆಳಗ್ಗೆ ಹೋಗಿ ಸಂಜೆ ಬಂದ್ರು, ಮನೇಲೇ ಕಲಿಸ್ತೀವಿ ಅಂದೋರು ಮನೇಲಿಟ್ಕೊಂಡ್ರು, ಅಯ್ನೋರು ಪಾಠವನ್ನ ಗೋಡೆ ಒಳಗಿಂದ ಕೆರೆ ದಂಡೆಗೆ ತಂದ್ರು. ಅಮ್ಮಣ್ಣಿ ದಿನಾ ಸಣ್ತಾಯಮ್ಮನ ಸೊಪ್ಪಿನ ಮಡಿಗೆ ಬರೋಳು. ಆ ವರ್ಷ ಸೀಬೆಕಾಯಿ ಕಾಲಕ್ಕೆ ಅವಳು ಮರದ ತುದೀಲಿದ್ಲಂತೆ, ಕೆಳಗೆ ಕಿರೀಟ ಪಕ್ಕಕ್ಕಿಟ್ಟು, ಎರಡೂ ಕೈ ಚಾಚ್ಕೊಂಡು, ಉಸಿರು ಬಿಗಿ ಹಿಡಿದು ದೊರೆ ನಿಂತಿದ್ದನಂತೆ. ಇಳಿ ಅನ್ನಲಿಲ್ಲವಂತೆ.

ಅಲ್ಲಿಗೆ ಮುಗೀತಪ್ಪ ದುಗ್ಗಿ ಕತೆ, ಅವರು ಅಲ್ಲಿ ಸೀಬೆಕಾಯಿ ತಿಂದ್ಕೊಂಡು ಚೆನ್ನಾಗಿದ್ರು, ನಾನಿಲ್ಲಿ ನಿನ್ನ ಕಾಲಲ್ಲಿ ಒದೆಸ್ಕೊಂಡು ಚೆನ್ನಾಗಿದೀನಿ. ಕಣ್ಣು ಮುಚ್ಚು. ಏನು? ಹೆಸರುಕಾಳು ಯಾವ ಡಬ್ಬೀಲಿದೆ ಅಂತಲಾ? ನಾನು ಹೇಳೋದಿಲ್ಲ. ಬೆಳಗ್ಗೆ ಎದ್ದು ನೋಡೋಣ ಬಾ.