ಸೊಣ್ಣಪ್ಪನಹಳ್ಳಿಗೆ ಮೊದಲ ನೀರು

ಬಹಳ ಹಿಂದೆ, ನಮ್ಮ ಅಜ್ಜಿಯಂದಿರ ಅಜ್ಜಿಯರು ಲಂಗ ಉಟ್ಟು ಓಡಾಡುತ್ತಿದ್ದ ಕಾಲದಲ್ಲಿ, ಒಂದು ಕೆರೆಯ ಕೆಳಗೆ ಐದು ಊರುಗಳಿದ್ದವಂತೆ. ಆ ಕೆರೆಗೆ ಪಿಳ್ಳಮ್ಮ ಅನ್ನುವವಳು ನೀರುಗಂಟಿ. ತೂಬಿನ ಬಿರಡೆ ಎತ್ತಿ ನೀರು ಬಿಡುವುದು, ಯಾವ ಊರಿಗೆ ಎಷ್ಟು ಹೊತ್ತು ಅಂತ ನೋಡಿ ಮತ್ತೆ ಮುಚ್ಚುವುದು ಅವಳ ಕೆಲಸ. ಆ ಬಿರಡೆ ಆಳುದ್ದದ ಕಗ್ಗಲಿ ಮರದ್ದು. ಗಟ್ಟಿ ಗಂಡಸರೇ ಏದುಸಿರು ಬಿಟ್ಟು ಹೊರುವುದನ್ನು ಅವಳು ಸಲೀಸಾಗಿ ಹೆಗಲ ಮೇಲೆ ಹಾಕಿಕೊಂಡು ನಡೆಯುತ್ತಿದ್ದಳಂತೆ. ಕಾಲುವೆಯ ಮಣ್ಣು ಮೂಸಿಯೇ ನೀರು ಎಲ್ಲಿ ಕಳುವಾಗಿದೆ ಅಂತ ಹೇಳುತ್ತಿದ್ದಳಂತೆ. ಅದೆಷ್ಟು ನಿಜವೋ, ಹೇಳುವವರು ಹಾಗೆ ಹೇಳುತ್ತಾರೆ.

ಕೆರೆಯಂಗಳ ಒತ್ತಿಕೊಂಡ ದೊಡ್ಡವರನ್ನು ಬಿಡಿಸಿದ್ದು ಅವಳೇ. ಏರಿಯ ಹೊಂಗೆಮರ ಕಡಿಯಲು ಬಂದವರ ಮುಂದೆ ಹೆಂಗಸರನ್ನು ಕಟ್ಟಿಕೊಂಡು ಮೂರು ದಿನ ಕೂತಿದ್ದೂ ಅವಳೇ. ಒಂದೊಂದು ಮನೆಯ ಜಗುಲಿಗೂ ಹೋಗಿ, ಕೊಟ್ಟ ಅಂಬಲಿ ಕುಡಿದು, ಐದೂರಿಗೂ ಒಂದು ಸಂಘ ಕಟ್ಟಿದಳಂತೆ. ಐದೂರು ಅಂದೆನೇ? ಅಲ್ಲ, ನಾಲ್ಕು. ಕಾಲುವೆಯ ಕೊನೆಯ ಸೊಣ್ಣಪ್ಪನಹಳ್ಳಿಯವರು ಅವಳಿಗೆ ಕುಡಿಯಲು ನೀರೂ ಕೊಡುತ್ತಿರಲಿಲ್ಲ.

ಅದಕ್ಕೆ ಕಾರಣ ಇತ್ತು. ಕೆರೆ ಅರ್ಧವೂ ತುಂಬದ ಒಂದು ವರ್ಷ, ಅವರ ಪಾಳಿ ಇನ್ನೂ ಒಂದು ದಿನ ಇರುವಾಗಲೇ ಪಿಳ್ಳಮ್ಮ ತೂಬು ಮುಚ್ಚಿಬಿಟ್ಟಿದ್ದಳು. ದನಕ್ಕೆ ನೀರುಳಿಯಲಿ ಅಂತ. ಹೊಡೆಗೆ ಬಂದು ಇನ್ನೇನು ತೆನೆ ಬಿಡಲಿದ್ದ ಭತ್ತ ಅಲ್ಲೇ ಒಣಗಿತು. ಆಮೇಲೆ ಎಷ್ಟು ವರ್ಷ ಹೋದರೂ ಅವಳು ಆ ಊರಿನ ದಾರಿ ತುಳಿಯಲಿಲ್ಲ.

ಹಾಗಿರುವಾಗ ಪಟ್ಟಣದವನೊಬ್ಬ ಇಟ್ಟಿಗೆಗೆ ಕೆರೆಯ ಮಣ್ಣು ಬೇಕು, ಏರಿ ಕಡಿದು ನೀರು ಖಾಲಿ ಮಾಡಿಸಿ ಅಂತ ಅರ್ಜಿ ಹಾಕಿದನಂತೆ. ಅಧಿಕಾರಿ ಏರಿಯ ಮೇಲೆ ಬಂದು ಐದೂರನ್ನೂ ಕೇಳುತ್ತಾನೆ, ಒಂದೂರು ಹೂಂ ಅಂದರೂ ಸಾಕು, ಏರಿಗೆ ಹಾರೆ ಬೀಳುತ್ತದೆ ಅಂತ ಸುದ್ದಿ ಬಂತು. ಸೊಣ್ಣಪ್ಪನಹಳ್ಳಿಯವರು ಹೂಂ ಅನ್ನುವುದು ಖಾತ್ರಿ. ನಮ್ಮ ಗದ್ದೆಗೆ ಬಾರದ ನೀರು ಇದ್ದರೆಷ್ಟು ಬಿಟ್ಟರೆಷ್ಟು ಅಂತ ಅವರ ಮಾತು. ಪಿಳ್ಳಮ್ಮನಿಗೆ ಅನ್ನ ಸೇರಲಿಲ್ಲ. ನನ್ನ ಕೈಯಿಂದಲೇ ಕೆರೆ ಹೋಗುತ್ತದಲ್ಲ ಅಂತ ಕೊರಗುತ್ತಿದ್ದಳಂತೆ.

ಅಧಿಕಾರಿ ಬರುವ ಹಿಂದಿನ ದಿನ ಬೆಳಿಗ್ಗೆ ಅವಳು ಬಿರಡೆ ಕಿತ್ತು ನೀರು ಬಿಟ್ಟಳು. ನಾಲ್ಕೂರಿನ ಕಾಲುವೆ ಬಾಯಿಗೆ ತಾನೇ ಮಣ್ಣು ಒತ್ತಿದಳು. ಬಿರಡೆ ಹೊತ್ತು, ನೀರಿನ ಜೊತೆಜೊತೆಗೇ ನಡೆದು, ಸೊಣ್ಣಪ್ಪನಹಳ್ಳಿಯ ಯಜಮಾನ ದ್ಯಾವಪ್ಪನ ಜಗುಲಿಯ ಮೇಲೆ ಅದನ್ನು ಇಟ್ಟಳಂತೆ.

“ಅವತ್ತು ತಪ್ಪು ಮಾಡ್ದೋಳು ನಾನೇ ಕಣಣ್ಣ. ನಿಮ್ದು ತುಂಬ್ದಾಗ ನೀವೇ ತಂದು ಮುಚ್ಚಿ,” ಅಂದಳು. ದ್ಯಾವಪ್ಪ ಮುಖ ತಿರುಗಿಸಿಕೊಂಡ. ಅವಳು ಬಿರಡೆ ಅಲ್ಲೇ ಬಿಟ್ಟು ಬರಿಗೈಯಲ್ಲಿ ವಾಪಸ್ಸು ಬಂದಳು.

ಮರುದಿನ ನಾಲ್ಕೂರೂ ಏರಿಯ ಮೇಲೆ. ಕೆರೆ ಇಳಿಯುತ್ತಿದ್ದಂತೆ ತೂಬಿನ ಪಕ್ಕದ ಮೆಟ್ಟಿಲುಗಳು ಒಂದೊಂದಾಗಿ ನೀರಿನಿಂದ ಮೇಲೆ ಬರುತ್ತಿದ್ದವು. ಮೂರು ಅಂದರು. ನಾಲ್ಕು ಅಂದರು. ಕೆರೆ ಕಾಯುವವಳೇ ಕೆರೆ ಬರಿದು ಮಾಡಿದಳು ಅಂತ ಬೈದರು. ಮಣ್ಣಿನ ಮೂಟೆ ಹಾಕಿ ತೂಬು ಮುಚ್ಚೋಣ ಅಂತ ಕೆಲವರು ಇಳಿದರೆ ಪಿಳ್ಳಮ್ಮ ಅಡ್ಡ ನಿಂತಳು. “ಅವ್ರೇ ತಂದು ಮುಚ್ಲಿ,” ಅಂದಳಂತೆ. ಐದನೇ ಮೆಟ್ಟಿಲು ಕಂಡಿತು. ಅಧಿಕಾರಿ ಬಂದು ಹುಣಸೆಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತ. ಆರನೆಯದೂ ಕಂಡಿತು. ಕಾಲುವೆ ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ನಾಲ್ಕೂರಿನವರೂ ಏರಿ ಕಡಿಯುವುದು ಬೇಡ ಅಂದರು. “ಐದನೇ ಊರು ಎಲ್ಲಿ?” ಅಂದ ಅಧಿಕಾರಿ.

ಆಗ ಬಂದರಂತೆ. ಮೊಣಕಾಲವರೆಗೆ ಕೆಸರು, ಗಂಡಸರು ಹೆಂಗಸರು, ಇಡೀ ಊರು. ಮುಂದೆ ದ್ಯಾವಪ್ಪ, ಹೆಗಲ ಮೇಲೆ ಬಿರಡೆ. ಅವನು ಅಧಿಕಾರಿಯ ಕಡೆ ನೋಡಲೇ ಇಲ್ಲ. ನೆಟ್ಟಗೆ ಮೆಟ್ಟಿಲಿಳಿದು, ತೂಬು ಮುಚ್ಚಿ, ಮೇಲೆ ಬಂದ. “ಕೊನೇ ಗದ್ದೆಗೂ ನೀರು ಹತ್ತಿತು ಕಣಮ್ಮ,” ಅಂದ ಪಿಳ್ಳಮ್ಮನಿಗೆ. ಆಮೇಲೆ ಅಧಿಕಾರಿಗೆ, “ನಮ್ ಕೆರೆ ಸ್ವಾಮಿ, ಕೊಡಲ್ಲ,” ಅಂದ. ಪಿಳ್ಳಮ್ಮ ಅಲ್ಲೇ ಕುಸಿದು ಕೂತು ಮಕ್ಕಳ ಹಾಗೆ ಅತ್ತಳಂತೆ.

ಪಿಳ್ಳಮ್ಮ ಹೋಗಿ ಯಾವ ಕಾಲವಾಯಿತೋ. ಈಗಲೂ ಆ ಕೆರೆಯ ಮೊದಲ ನೀರು ಕೊನೆಯ ಊರಿಗೇ. ನೀರುಗಂಟಿ ಬಿರಡೆ ಹೊತ್ತು ಹೋಗಿ ಅಲ್ಲಿಟ್ಟು, ಬರಿಗೈಯಲ್ಲಿ ವಾಪಸ್ಸು ಬರುತ್ತಾನೆ. ಮಿಕ್ಕ ನಾಲ್ಕೂರಿನವರು ಏರಿಯ ಮೇಲೆ ಕೂತು ಮೆಟ್ಟಿಲು ಎಣಿಸುತ್ತಾರೆ. ಸೊಣ್ಣಪ್ಪನಹಳ್ಳಿಯವರು ಬಿರಡೆ ತಂದೇ ತರುತ್ತಾರೆ ಅಂತ ಎಲ್ಲರಿಗೂ ಗೊತ್ತು. ಆದರೂ ಐದನೇ ಮೆಟ್ಟಿಲು ಕಂಡ ಮೇಲೆ ಎಲ್ಲರೂ ಕಾಲುವೆ ದಾರಿಯನ್ನೇ ನೋಡುತ್ತಾರಂತೆ.