ಮೊಂಡು ಬೇರು

"ಗುರುಗಳೇ, ಹೇಳಿದರೆ ಒಬ್ಬರ ಮನಸ್ಸು ಮುರಿಯುತ್ತದೆ ಎಂದು ಗೊತ್ತಿರುವ ನಿಜವನ್ನು ಹೇಳದೆ ಇಟ್ಟುಕೊಳ್ಳುವುದು ಕರುಣೆಯಲ್ಲವೇ?" ಎಂದು ಶಿಷ್ಯನು ಕೇಳಿದನು.

"ಯಾರ ಮನಸ್ಸು?"

"ಯಾರದೋ ಒಬ್ಬರದು. ಉದಾಹರಣೆಗೆ ಕೇಳಿದೆ."

"ಉದಾಹರಣೆ ನಿನ್ನ ಹತ್ತಿರವೇ ಇರಲಿ. ನಾನು ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ."

ಗುರುಗಳು ಹೇಳಿದ ಕತೆ ಇದು.

ನದಿಯ ದಡದ ಒಂದು ಊರಿನಲ್ಲಿ ಒಬ್ಬ ಕಸುಬಿನವನಿದ್ದ. ಮೊದಲು ನದಿಯಲ್ಲಿ ಉರುಟು ಕಲ್ಲು ಆರಿಸಿ ಮಾರುತ್ತಿದ್ದ. ಆಮೇಲೆ ನದಿಗೆ ಹೋಗುವುದನ್ನು ಬಿಟ್ಟ. ಮನೆಗಳಲ್ಲಿ ಇಡುವ ಗಾಜಿನ ಮೀನುತೊಟ್ಟಿಗೆ ಹಿನ್ನೆಲೆ ಮಾಡಿಕೊಡತೊಡಗಿದ. ಹತ್ತು ವರ್ಷದಿಂದ ಅದೇ ಕಸುಬು.

ಅಂಗಡಿಯಲ್ಲಿ ಸಿಗುವ ಬಣ್ಣದ ಹಾಳೆಯನ್ನು ಗಾಜಿನ ಹಿಂದೆ ಅಂಟಿಸುವವರು ಬೇರೆ. ಇವನು ತೊಟ್ಟಿಯ ಒಳಗೆ ನದಿಯ ದಡವನ್ನೇ ನಿಲ್ಲಿಸುತ್ತಿದ್ದ. ಥರ್ಮೋಕೋಲ್ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕಾಯಿಸಿದ ಚಾಕುವಿನಿಂದ ಕೊರೆದು ಬಂಡೆ ಮಾಡುವನು. ತೆಂಗಿನ ನಾರಿನ ಹುರಿಯನ್ನು ಸಿಮೆಂಟಿನ ನೀರಿನಲ್ಲಿ ಅದ್ದಿ ಬೇರು ಮಾಡುವನು. ಎಲ್ಲದರ ಮೇಲೂ ತೆಳುವಾಗಿ ಮೂರು ಸಲ ಸಿಮೆಂಟು ಬಳಿಯುವನು. ಒಣಗಿದ ಮೇಲೆ ಹದಿನೈದು ದಿನ ನೀರಿನಲ್ಲಿ ಮುಳುಗಿಸಿಟ್ಟು, ದಿನವೂ ನೀರು ಬದಲಿಸಿ, ಸಿಮೆಂಟಿನ ಸುಣ್ಣ ಬಿಡಿಸುವನು. ಸುಣ್ಣ ಉಳಿದರೆ ಮೀನು ಸಾಯುತ್ತದೆ.

ಅವನು ಎದುರಿಗೆ ಚಿತ್ರ ಇಟ್ಟುಕೊಳ್ಳುತ್ತಿರಲಿಲ್ಲ. ಕೇಳಿದರೆ, "ಕೈಗೆ ಗೊತ್ತಿದೆ" ಎನ್ನುವನು.

ಆ ಊರಿನ ಒಬ್ಬ ವ್ಯಾಪಾರಿ ಮನೆಗೆ ದೊಡ್ಡ ತೊಟ್ಟಿ ತರಿಸಿದ. ಕಸುಬಿನವನನ್ನು ಕರೆಸಿ, "ನೋಡಿದವರು ಇದನ್ನು ಯಾರೋ ಮಾಡಿದ್ದು ಅನ್ನಬಾರದು" ಎಂದ.

"ಇವತ್ತಿನವರೆಗೂ ಯಾರೂ ಅಂದಿಲ್ಲ."

ವ್ಯಾಪಾರಿಯ ಮನೆಯಲ್ಲಿ ಅಡುಗೆಗೆ ಒಬ್ಬ ಹೆಂಗಸಿದ್ದಳು. ಅವಳ ಹೆಸರು ಹಾಲಮ್ಮ. ಗಂಡ ಭರಮಪ್ಪ. ಹನ್ನೊಂದು ವರ್ಷದ ಹಿಂದೆ, ಆಚೆ ದಡದ ಕಬ್ಬಿನ ಗದ್ದೆಗೆ ಹೋಗುತ್ತೇನೆ ಎಂದು ಹೊರಟವನು ಮರಳಿ ಬರಲಿಲ್ಲ. ನದಿ ಎಳೆದುಕೊಂಡಿತು ಎಂದು ಕೆಲವರು ಹೇಳಿದರು. ಯಾವುದೋ ದೂರದ ಸಂತೆಯಲ್ಲಿ ಬೆಲ್ಲ ಮಾರುತ್ತಿದ್ದಾನೆ, ನಾವೇ ಕಂಡೆವು ಎಂದು ಕೆಲವರು ಹೇಳಿದರು. ಮೈ ತುಂಬಿಕೊಂಡಿದ್ದಾನೆ ಎಂದೂ ಸೇರಿಸಿದರು. ಹೆಣ ಸಿಗಲಿಲ್ಲ.

ವರ್ಷವರ್ಷವೂ ಹಿರಿಯರ ಪೂಜೆಯ ದಿನ ನೆಂಟರು, "ಅವನ ಹೆಸರಿಗೂ ಒಂದು ಎಲೆ ಹಾಕಮ್ಮ" ಎನ್ನುವರು.

"ಬದುಕಿರುವವನಿಗೆ ಎಡೆ ಇಟ್ಟರೆ ಪಾಪ ನಿಮಗಾ, ನನಗಾ?" ಎಂದು ಅವಳು ಕೇಳುವಳು.

ಅವಳು ತಾಳಿ ತೆಗೆಯಲಿಲ್ಲ. ಹೊಸ ಬಳೆಯನ್ನೂ ಇಡಿಸಿಕೊಳ್ಳಲಿಲ್ಲ. ಅಳಲೂ ಇಲ್ಲ. ಅತ್ತರೆ ಅವನು ಸತ್ತನೆಂದು ತಾನೇ ಒಪ್ಪಿಕೊಂಡ ಹಾಗೆ ಎಂದುಕೊಂಡಿದ್ದಳು.

ಕಸುಬಿನವನು ಹಿನ್ನೆಲೆಯನ್ನು ತಂದು ತೊಟ್ಟಿಯೊಳಗೆ ನಿಲ್ಲಿಸಿ ಅಂಚುಗಳಿಗೆ ಅಂಟು ಹಾಕಿದ. ಅಂಟು ಒಣಗಿದ ಮೇಲೆ ನೀರು ತುಂಬಿದರು. ತೊಟ್ಟಿಗೆ ಹಿಂಬದಿಯೇ ಇಲ್ಲದ ಹಾಗಾಯಿತು. ಎಡಗಡೆ ಒಂದು ಬಂಡೆ. ಬಂಡೆಯ ಕೆಳಗೆ ಕತ್ತಲು. ಕತ್ತಲಿನಿಂದ ಹೊರಗೆ ಚಾಚಿದ ಬೇರುಗಳು. ವ್ಯಾಪಾರಿ ತಲೆದೂಗಿದ. ಹಾಲಮ್ಮ ಕಾಫಿ ತಂದುಕೊಟ್ಟಳು. ಕಸುಬಿನವನು ಲೋಟ ತೆಗೆದುಕೊಂಡ. ಅವಳ ಮುಖ ನೋಡಲಿಲ್ಲ.

ಹನ್ನೆರಡು ಮೀನು ಬಿಟ್ಟರು. ಎಂಟು ದಿನ ಒಂದು ಮೀನೂ ಬಂಡೆಯ ಕಡೆ ಸುಳಿಯಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ನೋಡಿದರೆ ಹನ್ನೆರಡೂ ಬಂಡೆಯ ಮುಂದೆ ನಿಂತಿದ್ದವು. ಮೂತಿ ಬೇರುಗಳ ಕಡೆಗೆ. ಕಿವಿರು ಮಾತ್ರ ಆಡುತ್ತಿತ್ತು. ಕಾಳು ಹಾಕಿದರೆ ಮೇಲೆ ಬರಲಿಲ್ಲ. ಕಾಳು ನೆನೆದು ಅವುಗಳ ಬೆನ್ನಿನ ಮೇಲೆ ಇಳಿಯಿತು.

"ದರ್ಶನಕ್ಕೆ ಸಾಲು ನಿಂತ ಹಾಗಿದೆಯಲ್ಲ" ಎಂದು ವ್ಯಾಪಾರಿ ನಕ್ಕ. "ಮಂಗಳಾರತಿ ಆದ ಮೇಲೆ ಬರುತ್ತವೆ ಬಿಡು."

ಮಾರನೆಯ ದಿನವೂ ಮೀನುಗಳು ಹಾಗೇ ನಿಂತಿದ್ದವು. ವ್ಯಾಪಾರಿ ನಗಲಿಲ್ಲ.

ಮೀನಿಗೆ ಕಾಳು ಹಾಕುವ ಕೆಲಸ ಹಾಲಮ್ಮನದು. ಅವು ಏನನ್ನು ನೋಡುತ್ತಿವೆ ಎಂದು ಅವಳು ಬಗ್ಗಿ ನೋಡಿದಳು. ಐದು ಬೇರು ಇದ್ದವು. ಒಂದು ದಪ್ಪಗೆ, ಉಳಿದವುಗಳಿಂದ ಸ್ವಲ್ಪ ದೂರ. ಅಲ್ಲಿಂದ ಎಣಿಸಿದರೆ ನಾಲ್ಕನೆಯದು ಮೊಂಡು. ಬೇರು ಹೋಗುತ್ತಾ ಹೋಗುತ್ತಾ ಸಣ್ಣಗಾಗುತ್ತದೆ. ಇದು ಆಗಿರಲಿಲ್ಲ. ನಡುವಿನಲ್ಲೇ ನಿಂತು ತುದಿ ಗುಂಡಗಾಗಿತ್ತು.

ಭರಮಪ್ಪನ ಬಲಗೈಯ ಉಂಗುರದ ಬೆರಳನ್ನು ಕಬ್ಬಿನ ಗಾಣ ತಿಂದಿತ್ತು. ಎರಡು ಗೆಣ್ಣು ಹೋಗಿತ್ತು. ಅರಿಸಿನ ಮೆತ್ತಿ ಬಟ್ಟೆ ಕಟ್ಟಿದವಳು ಹಾಲಮ್ಮನೇ.

ಅವಳು ತನ್ನ ಅಂಗೈಯನ್ನು ಗಾಜಿನ ಮೇಲೆ ಇಟ್ಟಳು. ಮೀನುಗಳು ಬೆದರಲಿಲ್ಲ. ಸ್ವಲ್ಪ ಸರಿದು ಜಾಗ ಬಿಟ್ಟವು.

ಕಸುಬಿನವನಿಗೆ ಹೇಳಿಕಳುಹಿಸಿದರು. ಅವನು ಬಂದ.

"ಈ ಬೇರು ಯಾಕೆ ಮೊಂಡು?" ಎಂದು ಹಾಲಮ್ಮ ಕೇಳಿದಳು.

ಅವನು ನೋಡಿದ. ಮೊದಲ ಸಲ ನೋಡುವವನ ಹಾಗೆ ನೋಡಿದ. "ಹುರಿ ಸಾಲಲಿಲ್ಲ ತಾಯಿ" ಎಂದ.

"ಹುರಿ ಸಾಲದಿದ್ದರೆ ಕೊನೆಯದು ಮೊಂಡಾಗಬೇಕು. ಇದು ಕೊನೆಯದಲ್ಲ."

"ಇದನ್ನು ಕಿತ್ತು ಬೇರೆ ತಂದು ಹಾಕುತ್ತೇನೆ" ಎಂದು ವ್ಯಾಪಾರಿಗೆ ಹೇಳಿ ಹೊರಟುಹೋದ.

ಅವನ ಕೊಟ್ಟಿಗೆಯಲ್ಲಿ ಆರು ಹಿನ್ನೆಲೆಗಳು ನೀರಿನಲ್ಲಿ ನೆನೆಯುತ್ತಿದ್ದವು. ಒಂದೊಂದಾಗಿ ಎತ್ತಿ ಗೋಡೆಗೆ ಒರಗಿಸಿದ. ಆರರಲ್ಲೂ ಎಡಗಡೆ ಬಂಡೆ. ಬಂಡೆಯ ಕೆಳಗೆ ಐದು ಬೇರು. ನಾಲ್ಕನೆಯದು ಮೊಂಡು.

ಅವನು ಹಿಂದೆ ಕೆಲಸ ಮಾಡಿಕೊಟ್ಟ ಮನೆಗಳಿಗೆ ಹೋದ. ಮೊದಲನೆಯ ಮನೆಯಲ್ಲಿ ಅದೇ ಇತ್ತು. ಎರಡನೆಯ ಮನೆಯಲ್ಲೂ ಅದೇ ಇತ್ತು. ಮೂರನೆಯ ಮನೆಯ ಯಜಮಾನಿತಿ, "ಬಾರಪ್ಪ, ಬಂದವರೆಲ್ಲ ನಿನ್ನ ಕೆಲಸವನ್ನೇ ಹೊಗಳುತ್ತಾರೆ. ಆ ಬೇರಿನಲ್ಲಿ ಜೀವ ಇದೆ ಅನ್ನುತ್ತಾರೆ" ಎಂದಳು. ಅವನು ನಾಲ್ಕನೆಯ ಮನೆಗೆ ಹೋಗಲಿಲ್ಲ.

ಮನೆಗೆ ಬಂದು ಆರನ್ನೂ ಒಡೆದ. ಹೊಸದನ್ನು ಮಾಡಲು ಕೂತ. ಬಂಡೆ ಬೇಡ, ಬೇರು ಬೇಡ ಎಂದುಕೊಂಡ. ನಾರಿನ ಹುರಿಯನ್ನು ಒಲೆಗೆ ಹಾಕಿದ. ಬರೀ ಮಣ್ಣಿನ ದಡ. ಚಾಕು ಆಡಿಸುವಾಗಲೆಲ್ಲ ಕಣ್ಣನ್ನು ಕೈಯ ಮೇಲೆಯೇ ಇಟ್ಟುಕೊಂಡಿದ್ದ. ಮುಗಿದ ಮೇಲೆ ಬೆರಳಿನಿಂದ ಉದ್ದಕ್ಕೂ ಸವರಿ ನೋಡಿದ. ಎಲ್ಲೂ ಏನೂ ಇರಲಿಲ್ಲ. ಹದಿನೈದು ದಿನ ನೆನೆಸಿ, ವ್ಯಾಪಾರಿಯ ಮನೆಗೆ ಒಯ್ದು, ಹಳೆಯದನ್ನು ಕಿತ್ತು ಹೊಸದನ್ನು ನಿಲ್ಲಿಸಿದ. ಬಕೆಟ್ಟಿನಲ್ಲಿ ಇಟ್ಟಿದ್ದ ಮೀನುಗಳನ್ನು ತಿರುಗಿ ಬಿಟ್ಟ. ಅವು ಹರಡಿಕೊಂಡು ಈಜಿದವು. ಕಾಳು ತಿಂದವು. ಅವನು ನಿಟ್ಟುಸಿರು ಬಿಟ್ಟು ಹೋದ.

ಮೂರನೆಯ ದಿನ ವ್ಯಾಪಾರಿ ಮತ್ತೆ ಹೇಳಿಕಳುಹಿಸಿದ.

ಹನ್ನೆರಡು ಮೀನುಗಳೂ ಎಡಗಡೆ ನಿಂತಿದ್ದವು. ಅದೇ ಜಾಗ. ಎದುರಿಗೆ ಬರೀ ದಡ.

ತೊಟ್ಟಿಯ ಪಕ್ಕದಲ್ಲಿ ಹಾಲಮ್ಮ ನೆಲದ ಮೇಲೆ ಕೂತಿದ್ದಳು. "ಬೇರು ತೆಗೆದೆ, ಬಂಡೆ ತೆಗೆದೆ" ಎಂದಳು. "ಇವು ಹೋಗುತ್ತಿಲ್ಲ. ನನ್ನ ಗಂಡ ಎಲ್ಲಿದ್ದಾನೆ ಹೇಳಣ್ಣ."

ವ್ಯಾಪಾರಿ ಎದ್ದು ನಿಂತ. "ಏನೋ ಇದು? ಏನು ಮಾಡಿದೆ ನೀನು?"

"ನೀವು ಕೂತುಕೊಳ್ಳಿ ಯಜಮಾನರೇ" ಎಂದಳು ಹಾಲಮ್ಮ. "ಅವನು ಹೇಳಲಿ."

ಕಸುಬಿನವನು ಗೋಡೆಯ ಕಡೆ ನೋಡಿಕೊಂಡು ಹೇಳಿದ.

"ನಾನು ಕಲ್ಲು ಆರಿಸುತ್ತಿದ್ದೆ. ಭರಮಪ್ಪ ನದಿ ದಾಟುತ್ತಿದ್ದ. ಕಾಲು ಜಾರಿ ಮಡುವಿಗೆ ಬಿದ್ದ. ನಾನು ಮುಳುಗಿದೆ. ಬಂಡೆಯ ಅಡಿಯಲ್ಲಿ ಅವನ ಕಾಲು ಸಿಕ್ಕಿಕೊಂಡಿತ್ತು. ಎಳೆದೆ, ಬರಲಿಲ್ಲ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ನನ್ನ ಉಸಿರು ಮುಗಿಯಿತು. ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ ತಾಯಿ. ಮೊಂಡು ಬೆರಳನ್ನು ಬಿಡಿಸಬೇಕಾಗಲಿಲ್ಲ. ಅದಕ್ಕೆ ಹಿಡಿತ ಇರಲಿಲ್ಲ."

"ಬಂದು ಯಾಕೆ ಹೇಳಲಿಲ್ಲ?" ಎಂದು ಹಾಲಮ್ಮ ಕೇಳಿದಳು.

"ಮೊದಲು ಹೆದರಿದೆ. ಆಮೇಲೆ ನೀವು ಅವನಿಗಾಗಿ ಕಾಯುತ್ತಿದ್ದೀರಿ ಎಂದು ಕೇಳಿದೆ. ಕಾಯುವವರಿಗೆ ಆಸೆ ಅಂತ ಒಂದು ಇರುತ್ತದೆ. ಅದನ್ನು ಕಿತ್ತುಕೊಳ್ಳುವುದು ಬೇಡ ಅನಿಸಿತು."

"ಆಸೆ" ಎಂದಳು ಅವಳು. ಆ ಮಾತನ್ನು ಹೊಸದಾಗಿ ಕೇಳಿದವಳ ಹಾಗೆ ಎಂದಳು. "ಯಾವ ಮಡು?" ಎಂದು ಕೇಳಿದಳು.

"ಹಳೇ ದೋಣಿಗಟ್ಟದಿಂದ ಮೇಲಕ್ಕೆ, ಎರಡನೆಯದು."

ಅವಳು ಎದ್ದಳು. ಕೈಯನ್ನು ಸೆರಗಿಗೆ ಒರೆಸಿಕೊಂಡಳು. "ಇವತ್ತಿನ ಅಡುಗೆ ನೀವೇ ನೋಡಿಕೊಳ್ಳಿ ಯಜಮಾನರೇ. ಸಾರಿಗೆ ಉಪ್ಪು ಹಾಕಿಲ್ಲ" ಎಂದು ಹೇಳಿ ನದಿಯ ದಾರಿ ಹಿಡಿದಳು. ಅವಳು ಹೊಸಿಲು ದಾಟಿದ ಮೇಲೆ ಮೀನುಗಳು ಒಂದೊಂದಾಗಿ ಆ ಜಾಗದಿಂದ ತಿರುಗಿದವು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು ಕಾದನು.

"ಗುರುಗಳೇ, ಅವಳು ಅವನನ್ನು ಕ್ಷಮಿಸಿದಳೇ?"

"ಅದಕ್ಕೆ ಅವಳಿಗೆ ಬಿಡುವೆಲ್ಲಿ? ಹನ್ನೊಂದು ವರ್ಷದ ಅಳು ಉಳಿದಿತ್ತು."